ಬುಟ್ಟಿ ಹಾಕದವರ ಸಂಬಳ

ಪಂಕ್ತಿಯಲ್ಲಿ ಊಟಕ್ಕೆ ಕೂತರೆ ನನ್ನ ಕಣ್ಣು ಎಲೆಯ ಮೇಲೆ ನಿಲ್ಲುವುದಿಲ್ಲ, ಬಡಿಸುವವರ ಕೈ ಮೇಲಿರುತ್ತದೆ. ನನ್ನ ಹೆಂಡತಿ ಇದನ್ನು ಹೊಟ್ಟೆಬಾಕತನ ಎಂದುಕೊಂಡಿದ್ದಾಳೆ. ಪೂರ್ತಿ ಸುಳ್ಳೇನಲ್ಲ. ಆದರೆ ಈ ಚಾಳಿ ನನಗೆ ಅಂಟಿದ್ದು ಊಟದಿಂದಲ್ಲ, ಬ್ಯಾಸ್ಕೆಟ್‌ಬಾಲಿನಿಂದ.

ಕೊಡಗು ಇನ್ನೂ ಮೈಸೂರಿಗೆ ಸೇರದೆ ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲ. ನಮ್ಮೂರು ಶಿರಂಗಾಲದ ಹೊಲ ಬಿಟ್ಟು ನಾನು ಸಿದ್ದಾಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ನಾಡಿಗೆ ನಾಡೇ ಹಾಕಿ ಆಟದ ಕೋಲು ಹಿಡಿದಿದ್ದರೆ ನಮ್ಮ ಸಾಹುಕಾರ ಬೋಪಣ್ಣನವರಿಗೆ ಮಾತ್ರ ಬ್ಯಾಸ್ಕೆಟ್‌ಬಾಲಿನ ಹುಚ್ಚು. ಕೊಯ್ಲು ಮುಗಿದು ಕಾಫಿ ಒಣಗಿಸುವ ಕಣ ಖಾಲಿಯಾಯಿತೋ, ಎರಡು ಕಂಬ ನೆಡಿಸಿ, ಹಣ್ಣು ಕೊಯ್ಯುವ ಬುಟ್ಟಿಗಳ ತಳ ಕಿತ್ತು ಕಟ್ಟಿಸುತ್ತಿದ್ದರು. ಮಿಲಿಟರಿಯಲ್ಲಿ ಈ ಆಟ ಕಲಿತು ಬಂದ ಉತ್ತಯ್ಯನವರನ್ನು ಆಟಕ್ಕೆಂದೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದರು.

ನಾನು ಉದ್ದಕ್ಕಿದ್ದೆ. ಬುಟ್ಟಿಯ ಕೆಳಗೆ ನಿಂತರೆ ಚೆಂಡು ಬರುತ್ತಿತ್ತು, ಹಾಕುತ್ತಿದ್ದೆ, ಜನ ಚಪ್ಪಾಳೆ ತಟ್ಟುತ್ತಿದ್ದರು. ಚೆಂಡು ಎಲ್ಲಿಂದ ಬರುತ್ತದೆಂದು ಯೋಚಿಸಲು ಹೊಗಳಿಸಿಕೊಳ್ಳುವವನಿಗೆ ಪುರುಸೊತ್ತೆಲ್ಲಿ? ಉತ್ತಯ್ಯನವರು ಎಡಕ್ಕೆ ನೋಡುತ್ತ ಬಲಕ್ಕೆ ಎಸೆಯುತ್ತಿದ್ದರು. ನಾನು ಎಲ್ಲಿಗೆ ಓಡಬೇಕೆಂದು ನನಗೇ ಹೊಳೆಯುವ ಮೊದಲು ಚೆಂಡು ಅಲ್ಲಿಗೆ ಹೊರಟಿರುತ್ತಿತ್ತು.

ಮರುವರ್ಷದ ಸಂಬಳ ಗೊತ್ತುಮಾಡುವ ದಿನ ಬೋಪಣ್ಣನವರು ಬಂಗಲೆಯ ಜಗಲಿಯಲ್ಲಿ ತಗಾದೆ ತೆಗೆದರು.

“ಉತ್ತಯ್ಯ, ನೀನು ಒಂದು ಬುಟ್ಟಿಯೂ ಹಾಕೂದಿಲ್ಲ. ಹಾಕುವವ ಈ ರೈಟರ್. ನಿಂಗೆ ಪೂರಾ ಸಂಬಳ ಯಾಕೆ? ಅರ್ಧ ಸಾಕು.”

ಉತ್ತಯ್ಯನವರು ವಾದಿಸಲಿಲ್ಲ. “ಹಾಗಾದ್ರೆ ನಾನು ಹೊರಡ್ತೇನೆ. ಪಕ್ಕದ ಎಸ್ಟೇಟಿನವ್ರು ಕರೀತಾ ಇದ್ದಾರೆ,” ಎಂದು ಜಗಲಿಯಂಚಿನಲ್ಲಿ ಕೂತು ಬೂಟಿನ ದಾರ ಬಿಗಿದುಕೊಳ್ಳತೊಡಗಿದರು.

ಅವರಿಲ್ಲದೆ ಆಡಿ ತೋರಿಸಿ ಎಂದು ಉಳಿದ ಆಟಗಾರರಾದ ನಮಗೆ ಸಾಹುಕಾರರ ಅಪ್ಪಣೆಯಾಯಿತು. ಜಗಲಿಯ ಮುಂದಿನ ಕಣದಲ್ಲೇ ಆಡಿದೆವು. ಪಾಯಸದ ಪಾತ್ರೆ ಆಚೆ ಸಾಲಿನಲ್ಲೇ ಸುತ್ತುತ್ತಿರುವಾಗ ದೊನ್ನೆ ಹಿಡಿದು ಕೂತವನ ಹಾಗೆ ನಾನು ಬುಟ್ಟಿಯ ಕೆಳಗೆ ಕೈ ಚಾಚಿ ನಿಂತೇ ಇದ್ದೆ. ನನ್ನ ಎತ್ತರ ಅಂದು ಬಟ್ಟೆ ಒಣಹಾಕುವುದಕ್ಕೆ ಮಾತ್ರ ಲಾಯಕ್ಕಾಗಿತ್ತು.

“ಅವ್ರು ಹೋದ್ರೆ ಚೆಂಡು ನನ್ನ ಕೈಗೆ ಬರೋದಾದ್ರೂ ಹೆಂಗೆ ಸಾವ್ಕಾರ್ರೇ?” ಎಂದು ಗೋಗರೆದೆ. ಸಾಹುಕಾರರು ಮೀಸೆ ತಿರುವಿದರೇ ಹೊರತು ಬಗ್ಗಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಅವರ ತಾಯಿ, ನಮಗೂ ತಿಳಿಯಲೆಂದು ಕೊಡವ ಮಾತು ಬಿಟ್ಟು ಕನ್ನಡದಲ್ಲೇ ಹೇಳಿದರು: “ಬೋಪಣ್ಣ, ಹಂದಿ ಬೇಟೆಗೆ ಹೋದಾಗ ಗುಂಡು ಹೊಡೆದವ ಒಬ್ಬನೇ ತಿಂತಾನಾ? ಅಟ್ಟಿದವನಿಗೆ ಪಾಲು ಉಂಟು. ಓಡಿದ ನಾಯಿಗೂ ಉಂಟು. ರೈಟರನ ಮುಂದೆ ಹಂದಿ ತಂದು ನಿಲ್ಲಿಸುವವನಿಗೆ ಅರ್ಧವಾ?”

ನನಗೆ ನಮ್ಮೂರಿನ ಕಣ ನೆನಪಾಯಿತು. ಅಲ್ಲಿ ರಾಶಿ ಮನೆಗೆ ಹೋಗುವ ಮೊದಲು ನೇಗಿಲು ಮಾಡಿಕೊಟ್ಟ ಬಡಗಿಗೆ ಆಯವೆಂದು ಒಂದು ಪಾಲು ತೆಗೆದಿಡುತ್ತಾರೆ. ಬಡಗಿ ಒಂದು ತೆನೆಯನ್ನೂ ಕೊಯ್ದವನಲ್ಲ. ಬೇಟೆಗಾರರೂ ಬೇಸಾಯಗಾರರೂ ಎಂದೋ ತೀರ್ಮಾನಿಸಿಕೊಂಡ ವ್ಯಾಜ್ಯಕ್ಕೆ ನಾವು ಹೊಸದಾಗಿ ತಲೆ ಕೆಡಿಸಿಕೊಂಡಿದ್ದೆವು.

“ಪೂರಾ ಸಂಬಳ,” ಎಂದರು ಬೋಪಣ್ಣನವರು, ಯಾರ ಮುಖವನ್ನೂ ನೋಡದೆ. ಉತ್ತಯ್ಯನವರು ಸಾಹುಕಾರರ ತಾಯಿಗೆ ಕೈಮುಗಿದು, ಕಾಲ ಬಳಿಯಿದ್ದ ಚೆಂಡನ್ನೆತ್ತಿ, ಹಿಂದಕ್ಕೆ ತಿರುಗದೆಯೇ ಎಸೆದರು. ಅದು ಬಂದು ನನ್ನ ಕೈಯಲ್ಲಿ ಕೂತಿತು. ನಾನು ಅಲ್ಲಿದ್ದೇನೆಂದು ಅವರಿಗೆ ಹೇಗೆ ತಿಳಿಯಿತೋ, ಇಂದಿಗೂ ನನಗೆ ಬೆರಗು.

ಅಂದಿನಿಂದ ಯಾರ ಮನೆಯ ಪಂಕ್ತಿಯಲ್ಲಾದರೂ ಸರಿ, ಕೇಳುವ ಮೊದಲೇ ನನ್ನ ಎಲೆಗೆ ಪಾಯಸ ಬಿತ್ತೆಂದರೆ ಕತ್ತೆತ್ತಿ ಒಮ್ಮೆ ಸುತ್ತ ನೋಡುತ್ತೇನೆ, ಬಡಿಸಿದವರಿಗೂ ಒಂದು ಎಲೆ ಎತ್ತಿಟ್ಟಿದ್ದಾರೆಯೇ ಎಂದು.