ರೇಡಿಯೋ ಕಾಕಾ ಮುಳ್ಳು ಎತ್ತಿದರೆ

ನಾನು ಮಂದ್ರೂಪಕ್ಕೆ ಸೊಸೆಯಾಗಿ ಬಂದಾಗ ಪಂಚಾಯ್ತಿಯ ರೇಡಿಯೋ ಹಚ್ಚುವವರನ್ನು ಊರೆಲ್ಲ ರೇಡಿಯೋ ಕಾಕಾ ಎನ್ನುತ್ತಿತ್ತು. ಸಂಜೆ ಸುದ್ದಿ-ಬಾತ್ಮಿ ಮುಗಿದ ಮೇಲೆ ಅವರು ತಮ್ಮ ರೆಕಾರ್ಡು ಹಚ್ಚಿ, ಬೇವಿನ ಮರಕ್ಕೆ ಕಟ್ಟಿದ ಭೋಂಗಾದಲ್ಲಿ ಊರಿಗೆಲ್ಲ ಹಾಡು ಕೇಳಿಸುತ್ತಿದ್ದರು. ಮೂವತ್ತು ವರ್ಷ ಅದನ್ನೇ ಮಾಡಿದರು. ಯಾರಾದರೂ ತೀರಿಕೊಂಡರೆ ಮಾತ್ರ ನಡುಹಾಡಿನಲ್ಲೇ ರೆಕಾರ್ಡಿನ ಮುಳ್ಳು ಎತ್ತಿ, ಸತ್ತವರ ಹೆಸರು ಹೇಳುತ್ತಿದ್ದರು. ಹಾಡಿನ ಬಾಯಿ ಮುಚ್ಚಿಸಿ ಸಾವು ಸಾರುವುದು ಯಾವ ಸೀಮೆಯ ರೀತಿ ಎಂದು ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಹಾಡು ನಡುವೆ ನಿಂತರೆ ರೊಟ್ಟಿ ಬಡಿಯುವ ನನ್ನ ಕೈ ನಿಲ್ಲುತ್ತದೆ.

ಒಂದು ಸಂಜೆ ಹಾಡು ನಿಂತಿತು, ಹೆಸರು ಬರಲಿಲ್ಲ. ಬ್ಯಾಟರಿ ಹೋಗಿತ್ತು, ಅಷ್ಟೇ. ಆದರೆ ನಮ್ಮತ್ತೆ ತಿಂಗಳಿಂದ ಹಾಸಿಗೆ ಹಿಡಿದದ್ದು ಊರಿಗೆ ಗೊತ್ತಿತ್ತು. ಹೆಂಗಸರು ಅಳುತ್ತಲೇ ನಮ್ಮ ಅಂಗಳಕ್ಕೆ ಬಂದುಬಿಟ್ಟರು.

ಅತ್ತೆ ಅಂಬಲಿ ಕುಡಿಯುತ್ತಿದ್ದರು. ಬಟ್ಟಲು ಕೆಳಗಿಟ್ಟು, "ಅಂವ ನನ್ನ ಹೆಸರು ಹೇಳ್ಯಾನೇನು?" ಎಂದರು.

"ಇಲ್ರೀ ಅತ್ತಿ, ಬ್ಯಾಟರಿ ಹೋಗೇತಂತ" ಎಂದೆ. ಬಂದವರನ್ನು ಬೈದು ಕಳಿಸಿದೆ. ಅತ್ತೆ ಮತ್ತೆ ಆ ಬಟ್ಟಲು ಮುಟ್ಟಲಿಲ್ಲ.

ಅಂದಿನಿಂದ ದಿನಾ ಸಂಜೆ ಒಂದೇ ಮಾತು ಕೇಳುತ್ತಿದ್ದರು. "ಹಾಡು ನಡದೈತೇನವಾ?"

"ನಡದೈತ್ರೀ ಅತ್ತಿ."

ಎಂಟನೆಯ ಸಂಜೆ ಭೋಂಗಾ ಕಿವಿ ಕಿತ್ತುಹೋಗುವಂತೆ ಹಾಡುತ್ತಿತ್ತು. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಹಾಡು ನಿಂತಿತಲ್ಲವಾ, ಯಾರು ಹ್ವಾದ್ರು?"