ಗೆರಾಸಿಮನ ದಾನದ ಜೀಪು

ಇಲಾರಿ ಪತ್ರಾಶ್ಕುವಿನ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತವಿರುತ್ತಿತ್ತು. ಯಾರ ಅಂಗಳದಲ್ಲಿ ಹಳೇ ಜೀಪು ಕಂಡರೂ ಮಾಲೀಕನಿಗೆ ನಮಸ್ಕಾರ ಹೇಳುವ ಮೊದಲೇ ಮಡ್‌ಗಾರ್ಡಿಗೆ ಅದನ್ನು ಹಚ್ಚಿ ನೋಡುವನು. ಕಚ್ಚಿ ಹಿಡಿದರೆ ಅಸಲಿ ತಗಡು. ಜಾರಿದರೆ ಬಣ್ಣದಡಿ ಇರುವುದು ಬರೀ ತುಕ್ಕಿನ ತೂತಿಗೆ ಮೆತ್ತಿದ ಪುಟ್ಟಿ. “ಮನುಷ್ಯರಿಗೂ ಇಂಥದ್ದೊಂದು ಇದ್ದಿದ್ರೆ ಮೊದಲು ಜಾರಿ ಬೀಳ್ತಿದ್ದೋನು ನೀನೇ” ಎಂದು ಅವನ ಹೆಂಡತಿ ಅಗ್ಲಾಯ ಛೇಡಿಸುತ್ತಿದ್ದಳು. ಇಲಾರಿ ನಗುತ್ತಿದ್ದ. ಕೆಟ್ಟವನಲ್ಲ ಅವನು, ವ್ಯಾಪಾರಿ ಅಷ್ಟೆ. ಈ ಎರಡರ ನಡುವಿನ ಗೆರೆ ಎಲ್ಲಿದೆಯೆಂದು ಅವನಿಗೆ ಗೊತ್ತಾದದ್ದು ಐವತ್ತೆಂಟನೇ ವಯಸ್ಸಿನಲ್ಲಿ, ಗೆರಾಸಿಮನ ಜೀಪಿನ ದೆಸೆಯಿಂದ.

ಕಂಪುಲುಂಗ್ ಪಟ್ಟಣದ ಜೀಪು ಕಾರ್ಖಾನೆಯಲ್ಲಿ ಇಲಾರಿ ವರ್ಷಗಟ್ಟಲೆ ಗೇರ್‌ಬಾಕ್ಸ್ ಜೋಡಿಸಿದ್ದ. ಕಾರ್ಖಾನೆ ಮುಚ್ಚಿದಾಗ ಜೊತೆಯವರು ಗಾರೆ ಕೆಲಸ ಹುಡುಕಿಕೊಂಡು ಇಟಲಿಗೆ ಹೋದರು. ಇವನಿಗೆ ಊರು ಬಿಡುವ ಮನಸ್ಸಾಗಲಿಲ್ಲ. ಹಳ್ಳಿ ಹಳ್ಳಿ ತಿರುಗಿ ಕೋಳಿ ಗೂಡಾಗಿದ್ದ, ಹುಲ್ಲಿನಡಿ ಹೂತಿದ್ದ ಮುರುಕು ಜೀಪುಗಳನ್ನು ತಂದು ಬಿಚ್ಚಿದ. ಅವುಗಳ ಆಕ್ಸಲ್ಲು, ಬಾನೆಟ್ಟು, ಲಾಂದ್ರದಂಥ ದೀಪಗಳನ್ನು ಹಳೇ ಗಾಡಿಯ ಹುಚ್ಚು ಹತ್ತಿದವರಿಗೆ ಮಾರಿದ. ಕೊಟ್ಟಿಗೆಯ ಒಂದು ಗೋಡೆಗೆ ಕಾರ್ಖಾನೆಯ ನೆನಪುಗಳನ್ನು ಜೋಡಿಸಿದ್ದ. ಎನಾಮಲ್ ಫಲಕಗಳು, ಎಣ್ಣೆ ಕಲೆಯಾದ ಕೈಪಿಡಿಗಳು, ಚಾಲಕರ ಬಿಲ್ಲೆಗಳು, ಗೇಟ್ ಪಾಸುಗಳು. ರಾಜಧಾನಿ ಬುಕಾರೆಸ್ಟಿನಿಂದ, ದೂರದ ಪೋಲೆಂಡಿನಿಂದ ಬಂದವರು ಆ ಗೋಡೆಯ ಮುಂದೆ ನಿಂತು ಬಾಯಲ್ಲಿ ನೀರೂರಿಸುತ್ತಿದ್ದರು. ಗೋಡೆಯದ್ದು ಮಾತ್ರ ಮಾರಾಟಕ್ಕಿರಲಿಲ್ಲ.

ಅವನ ಕಣ್ಣು ಬಿದ್ದಿದ್ದು ಪಕ್ಕದ ಬೀದಿಯ ಗೆರಾಸಿಮನ ಜೀಪಿನ ಮೇಲೆ. ಗೆರಾಸಿಮ ಅರಣ್ಯ ಇಲಾಖೆಯ ಡ್ರೈವರ್. ಜೀಪು ಹರಾಜಿಗೆ ಬಂದಾಗ ತಾನೇ ಕೊಂಡುಕೊಂಡಿದ್ದ. ಹಸಿರು ಬಣ್ಣ, ಕ್ಯಾನ್ವಾಸ್ ಮೇಲ್ಛಾವಣಿ. ಒಂದು ನಟ್ಟು ಕೂಡ ಹೊರಗಿನದ್ದಲ್ಲ. ಹನ್ನೊಂದು ವರ್ಷ, ಪ್ರತಿ ಶರತ್ಕಾಲದಲ್ಲಿ, ಇಲಾರಿ ಪ್ಲಮ್ ಸಾರಾಯಿಯ ಸೀಸೆ ಹಿಡಿದು ಹೋಗುತ್ತಿದ್ದ.

“ಕೊಟ್ಬಿಡು ಗೆರಾಸಿಮಣ್ಣ. ನಿಂಗಿನ್ಯಾಕೆ ಅದು?”

“ಸೀಸೆ ಇಟ್ಟು ಹೋಗು. ಜೀಪಿನ ಮಾತು ಬರೋ ವರ್ಷ ಆಡೋಣ.”

ಬರುವ ವರ್ಷವೂ ಅದೇ ಮಾತು, ಅದೇ ಸೀಸೆ. ಹನ್ನೊಂದನೆಯ ವರ್ಷ ಕಳೆದ ಮೇಲೆ, ಮಾರ್ಚಿನಲ್ಲಿ, ಗೆರಾಸಿಮ ಸೌದೆ ಸೀಳುತ್ತಿದ್ದವನು ಕುಸಿದು ಸತ್ತ.

ಸತ್ತವರ ನಲವತ್ತನೇ ದಿನಕ್ಕೆ ದಾನ ಕೊಡುವುದು ಅಲ್ಲಿನ ಪದ್ಧತಿ. ಕುರ್ಚಿ, ಬಕೆಟ್ಟು, ಅಂಗಿ, ಕಂಬಳಿ, ಹೀಗೆ ಬದುಕಿದ್ದವನಿಗೆ ಬೇಕಾಗಿದ್ದದ್ದನ್ನೆಲ್ಲ ಉರಿಯುವ ಮೇಣದಬತ್ತಿಯ ಸಮೇತ ಯಾರಿಗಾದರೂ ಕೊಡುತ್ತಾರೆ. ತೆಗೆದುಕೊಂಡವನು “ದೇವರು ಸತ್ತವರನ್ನು ಕ್ಷಮಿಸಲಿ” ಅನ್ನಬೇಕು. ಅಲ್ಲಿಂದಾಚೆಗೆ ಆ ವಸ್ತು ಇಲ್ಲಿ ಇವನದು, ಅಲ್ಲಿ ಅವನದು. ಇವನು ಬಳಸುತ್ತಿದ್ದರೆ ಅವನಿಗೂ ಬಳಕೆಗೆ ಸಿಗುತ್ತದೆ. ಮಾರಿದರೆ ಸತ್ತವನ ಕೈಯಿಂದ ಕಿತ್ತುಕೊಂಡ ಹಾಗೆ. ಇದು ಆ ಬೆಟ್ಟದ ಊರುಗಳಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

ಆ ಭಾನುವಾರ ಗೆರಾಸಿಮನ ಹೆಂಡತಿ ಪರಸ್ಕಿವಾ ಕುರ್ಚಿ ಕೊಟ್ಟಳು, ಕೋಟು ಕೊಟ್ಟಳು. ಆಮೇಲೆ ಎಲ್ಲರನ್ನೂ ಅಂಗಳಕ್ಕೆ ಕರೆದಳು. ಜೀಪನ್ನು ತೊಳೆದು ನಿಲ್ಲಿಸಿದ್ದಳು. ಸ್ಟಿಯರಿಂಗಿಗೆ ಹೊಸ ಟವೆಲು ಕಟ್ಟಿತ್ತು, ಬಾನೆಟ್ಟಿನ ಮೇಲೆ ಮೇಣದಬತ್ತಿ ಉರಿಯುತ್ತಿತ್ತು. ಬಾಯಿಗೆ ತಿಥಿಯ ಸಿಹಿಗೋಧಿ ಹಾಕಿಕೊಂಡಿದ್ದ ಜನ ಅಗಿಯುವುದನ್ನೇ ಮರೆತರು. ಜೀಪು ದಾನ ಕೊಟ್ಟವರನ್ನು ಯಾರೂ ಕಂಡಿರಲಿಲ್ಲ.

“ಇಲಾರಿ, ಬಾ ಇಲ್ಲಿ” ಎಂದಳು ಪರಸ್ಕಿವಾ. ಬತ್ತಿಯ ಮೇಲಿಂದ ಕೀಲಿಕೈ ಚಾಚಿದಳು. “ಹನ್ನೊಂದು ವರ್ಷ ಆಸೆಪಟ್ಟೆಯಲ್ಲ, ತಗೋ. ಓಡಿಸು. ಆ ಕಡೆ ಅವನು ಕಾಲು ಸವೆಸ್ಕೊಂಡು ಓಡಾಡಬಾರದು, ಅಷ್ಟೇ ನಂಗೆ ಬೇಕಾಗಿರೋದು.”

ಇಲಾರಿ ಎರಡೂ ಕೈ ಚಾಚಿ ಕೀಲಿಕೈ ತೆಗೆದುಕೊಂಡ. ದೇವರು ಸತ್ತವರನ್ನು ಕ್ಷಮಿಸಲಿ ಅಂದ. ಅಂದದ್ದು ಮನಸಾರೆಯೇ.

ಒಂದು ತಿಂಗಳು ಓಡಿಸಿದ ಕೂಡ. ಆಮೇಲೆ ಬುಕಾರೆಸ್ಟಿನ ಒಬ್ಬ ಹಲ್ಲಿನ ಡಾಕ್ಟರು ಅಸಲಿ ಬಾಗಿಲುಗಳಿಗಾಗಿ ಗೋಗರೆಯುತ್ತ ಬಂದ. ಇಲಾರಿಯ ತಲೆಯೊಳಗಿನ ವ್ಯಾಪಾರಿ ಮೈಮುರಿದು ಎದ್ದು ಕುಳಿತ. ಆ ರಾತ್ರಿ ಊಟಕ್ಕೆ ಕೂತಾಗ ಅವನು ಹೆಂಡತಿಗೆ ಪಾಠ ಮಾಡಿದ.

“ನೋಡು, ಗಾಡಿ ಅಂದ್ರೆ ಯಾವುದು? ಅಡಿಗಿರೋ ಉಕ್ಕಿನ ಚೌಕಟ್ಟು, ಚಾಸಿ. ನಂಬರು ಕೊರೆದಿರೋದು ಎಲ್ಲಿ? ಚಾಸಿ ಮೇಲೆ. ಚಾಸಿ ಎಲ್ಲಿದೆ? ನಮ್ಮ ಕೊಟ್ಟಿಗೇಲಿ. ಬಾಗಿಲು ಕೊಟ್ರೆ ಗಾಡಿ ಮಾರಿದ ಹಾಗಾಗಲ್ಲ.”

“ಹೌದೌದು. ಆ ಕಡೆ ಗೆರಾಸಿಮಣ್ಣ ಚಾಸಿ ಮೇಲೆ ಕೂತ್ಕೊಂಡು ಹೋಗ್ಲಿ, ಸೌದೆ ಗಾಡಿ ಮೇಲೆ ಕೂತ ಹಾಗೆ” ಎಂದಳು ಅಗ್ಲಾಯ. ಹುರುಳಿಕಾಯಿ ಸೂಪಿನ ಬಟ್ಟಲನ್ನು ಅವನ ಮುಂದೆ ಕುಕ್ಕಿದಳು.

ಆದರೂ ಬಾಗಿಲು ಹೋದವು. ಆಮೇಲೆ ಪಿಟೇಷ್ಟಿಯ ಒಬ್ಬ ಸಂಗ್ರಾಹಕನ ಮನೆಗೆ ಸ್ಪೀಡೋಮೀಟರು ಹೋಯಿತು. ಜುಲೈನಲ್ಲಿ ಹಂಗೇರಿಯವನೊಬ್ಬ ಟ್ರೇಲರ್ ತಂದು ಎಂಜಿನ್ನನ್ನೇ ಎತ್ತಿಕೊಂಡು ಹೋದ. ಬಾಗಿಲೇ ಇಲ್ಲದ ಮನೆಗೆ ಒಲೆ ಯಾಕೆ ಎಂದು ಇಲಾರಿ ತನಗೆ ತಾನೇ ಸಮಾಧಾನ ಹೇಳಿಕೊಂಡ. ಒಂದು ಸಲ ಕೈ ಹತ್ತಿದ ಮೇಲೆ ನಿಲ್ಲಿಸುವುದು ಅವನಿಗೆ ಗೊತ್ತಿರಲಿಲ್ಲ.

ಬಾಗಿಲು ಹೋದ ಮರುವಾರವೇ ಪರಸ್ಕಿವಾ ವಾಲ್‌ನಟ್ ರೊಟ್ಟಿ ಹಿಡಿದು ಬಂದಿದ್ದಳು. ಗೇಟಿನ ಹೊರಗೇ ನಿಂತಳು.

“ಗೆರಾಸಿಮ ಕನಸಲ್ಲಿ ಬಂದಿದ್ದ ಇಲಾರಿ. ಎರಡೂ ಕಡೆಯಿಂದ ಗಾಳಿ ಹೊಡೀತಿದೆ, ಚಳಿ ಅಂದ. ಕ್ಯಾನ್ವಾಸ್ ಹರಿದಿದೆಯೇನೋ, ಸ್ವಲ್ಪ ನೋಡು.”

ಇಲಾರಿ ರೊಟ್ಟಿ ಇಸಿದುಕೊಂಡ. ನೋಡುತ್ತೇನೆ ಅಕ್ಕ ಅಂದ. ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತೇ ಅಂದ.

ಸ್ಪೀಡೋಮೀಟರು ಹೋದ ಮೇಲೆ ಮತ್ತೆ ಬಂದಳು. “ಎಷ್ಟು ಜೋರಾಗಿ ಹೋಗ್ತಿದೀನೋ ತಿಳೀತಿಲ್ಲ ಪರಸ್ಕಿವಾ ಅಂದ. ಏನರ್ಥವೋ ಏನೋ.” ಎಂಜಿನ್ ಹೋದ ಮೇಲಂತೂ ಅವಳು ಧ್ವನಿ ತಗ್ಗಿಸಿ ಹೇಳಿದಳು, “ಸ್ಟಿಯರಿಂಗ್ ಹಿಡ್ಕೊಂಡು ಕೂತಿದ್ದ ಕಣೋ. ನಾನು ಹೋಗಿ ಕಿವಿಗೊಟ್ಟೆ. ಶಬ್ದವೇ ಇಲ್ಲ. ಇಳಿದ್ಬಿಟ್ಟ. ನಡ್ಕೊಂಡು ಹೋದ.”

ಮಾರನೇ ದಿನ ಮಟಮಟ ಮಧ್ಯಾಹ್ನ, ರುಕರ್ ರಸ್ತೆಯಲ್ಲಿ ತನ್ನ ವ್ಯಾನಿನಲ್ಲಿ ಬರುತ್ತಿದ್ದಾಗ, ಸುಣ್ಣದ ಗೂಡಿನ ತಿರುವಿನಲ್ಲಿ ಇಲಾರಿ ಗೆರಾಸಿಮನನ್ನು ಕಂಡ. ರಸ್ತೆಯ ಎಡ ಅಂಚಿನಲ್ಲಿ, ಬೆನ್ನು ಈ ಕಡೆ, ಕೈಗಳನ್ನು ಹಿಂದೆ ಕಟ್ಟಿಕೊಂಡು ಬೆಟ್ಟದ ಕಡೆಗೆ ನಡೆಯುತ್ತಿದ್ದ. ಬದುಕಿದ್ದಾಗ ಅಂಗಡಿಗೂ ಜೀಪಿನಲ್ಲೇ ಹೋಗುತ್ತಿದ್ದವನು. ಇಲಾರಿ ಬ್ರೇಕ್ ತುಳಿದ. ಪಕ್ಕಕ್ಕೆ ಬರುವಷ್ಟರಲ್ಲಿ ಅಂಚಿನಲ್ಲಿ ಹುಲ್ಲು ಮಾತ್ರ ಇತ್ತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಮತ್ತೆ ನಡೆಯುತ್ತಿದ್ದ.

ಬಿಸಿಲಿಗೆ ತಲೆ ಸುತ್ತಿರಬೇಕು ಅಂದುಕೊಂಡ. ಆದರೆ ಮೋಡದ ದಿನವೂ ಕಂಡ, ಮಂಜಿನಲ್ಲೂ ಕಂಡ. ಬೈಯುವುದಿಲ್ಲ, ತಿರುಗುವುದಿಲ್ಲ, ಕೈ ಅಡ್ಡ ಹಾಕಿ ಗಾಡಿ ನಿಲ್ಲಿಸುವುದೂ ಇಲ್ಲ. ನಡೆಯುವುದೊಂದೇ. ಬೈದಿದ್ದರೆ ಎಷ್ಟೋ ವಾಸಿ ಇತ್ತು ಎಂದು ಇಲಾರಿಗೆ ಅನ್ನಿಸುತ್ತಿತ್ತು. ಗೇರ್‌ಬಾಕ್ಸಿನ ಸಣ್ಣ ಸ್ಪ್ರಿಂಗುಗಳು ಅವನ ಬೆರಳಿನಿಂದ ಜಾರಿ ಕೊಟ್ಟಿಗೆಯ ಮೂಲೆ ಸೇರುತ್ತಿದ್ದವು.

ಆಗಸ್ಟಿನಲ್ಲಿ ಅವನು ಮಾರಿದ್ದನ್ನೆಲ್ಲ ವಾಪಸು ತರಲು ಹೊರಟ. ಹಲ್ಲಿನ ಡಾಕ್ಟರು ನಕ್ಕುಬಿಟ್ಟ. ಬಾಗಿಲಿಗೆ ಆಗಲೇ ಕೆಂಪು ಬಣ್ಣ ಬಳಿಸಿದ್ದ. “ದುಡ್ಡು ಬೇಡ. ನಿಮ್ಮ ಗೋಡೆಯ ದೊಡ್ಡ ಎನಾಮಲ್ ಫಲಕ ಕೊಡಿ, ಕೊಡ್ತೀನಿ” ಅಂದ. ಇಲಾರಿ ಊರಿಗೆ ಮರಳಿ ಫಲಕ ಇಳಿಸಿ ತಂದುಕೊಟ್ಟ. ಪಿಟೇಷ್ಟಿಯವನು ಸ್ಪೀಡೋಮೀಟರನ್ನು ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದ. ಅದಕ್ಕಾಗಿ ಚಾಲಕರ ಬಿಲ್ಲೆಗಳು, ಕೈಪಿಡಿಗಳು, ಗೇಟ್ ಪಾಸುಗಳು, ಉಳಿದ ಫಲಕಗಳು ಎಲ್ಲ ಹೋದವು. ಗೋಡೆಯ ಮೇಲೆ ಉಳಿದದ್ದು ಮೊಳೆಗಳು. ಇಲಾರಿ ಆ ಗೋಡೆಯನ್ನು ನೋಡಿ ಅತ್ತ. ಅಗ್ಲಾಯ ಆ ದಿನ ಅವನನ್ನು ಛೇಡಿಸಲಿಲ್ಲ.

ಎಂಜಿನ್ ಮಾತ್ರ ಸಿಗಲಿಲ್ಲ. ಹಂಗೇರಿಯವನು ಫೋನಿನಲ್ಲಿ ಪಾಪ ನಾಲ್ಕು ಸಲ ಕ್ಷಮೆ ಕೇಳಿದ. ಅದು ಅವನ ಬಳಿ ಒಂದು ದಿನವೂ ಉಳಿಯಲಿಲ್ಲವಂತೆ. ಇಳಿಸುವಾಗಲೇ ಸರಪಳಿ ತುಂಡಾಗಿ ಬಿದ್ದು ಒಡೆಯಿತು, ಗುಜರಿಗೆ ಹಾಕಿದೆ, ಅವರು ಕರಗಿಸಿದರು ಅಂದ. ಕರಗಿದ್ದನ್ನು ಯಾವ ಫಲಕ ಕೊಟ್ಟು ತರುವುದು? ಇಲಾರಿ ಅದೇ ವರ್ಷದ ಬೇರೊಂದು ಎಂಜಿನ್ ಹುಡುಕಿ ಕೂರಿಸಿದ. ಬಾಗಿಲಿನ ಕೆಂಪು ಕೆರೆದು ಹಸಿರು ಬಳಿದ. ಜೀಪು ಮೊದಲಿನಂತೆ ಗುಟುರು ಹಾಕಿತು.

ಅದನ್ನೇ ಓಡಿಸಿಕೊಂಡು ಸುಣ್ಣದ ಗೂಡಿನ ತಿರುವಿಗೆ ಹೋದ. ಗೆರಾಸಿಮ ನಡೆಯುತ್ತಲೇ ಇದ್ದ.

ಅಲ್ಲಿಂದ ಜೀಪು ತಿರುಗಿಸಿ ನೇರ ಪರಸ್ಕಿವಾಳ ಮನೆಗೆ ಬಂದ. ಅವಳು ಅಂಗಳದ ಬೆಂಚಿನ ಮೇಲೆ ಹುರುಳಿಕಾಯಿ ಸುಲಿಯುತ್ತಿದ್ದಳು. ಇಲಾರಿ ಟೋಪಿ ತೆಗೆದು ನಿಂತ. ಬಾಗಿಲಿಂದ ಹಿಡಿದು ಎಂಜಿನ್ನಿನವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದ. ಅವಳ ಬೆರಳುಗಳು ನಿಲ್ಲಲಿಲ್ಲ.

“ಗೊತ್ತು” ಎಂದಳು.

“ಏನು ಗೊತ್ತು ಅಕ್ಕ?”

“ಎಲ್ಲಾ. ಬಾಗಿಲು ಕಾರಿನ ಮೇಲೆ ಕಟ್ಕೊಂಡು ನಮ್ಮ ಬೀದೀಲೇ ಹೋದ್ರಲ್ಲೋ ಪುಣ್ಯಾತ್ಮ. ಪಿಟೇಷ್ಟಿಯೋನು ಗೆರಾಸಿಮನ ಫೋಟೋ ಕೇಳ್ಕೊಂಡು ಇಲ್ಲಿಗೇ ಬಂದಿದ್ದ, ಗೋಡೆ ಮೇಲೆ ಪಕ್ಕದಲ್ಲಿ ಹಾಕೋಕಂತೆ. ಎಂಜಿನ್ ಎತ್ತೋದನ್ನ ಇಡೀ ಊರು ನೋಡಿದೆ.”

“ಮತ್ತೆ ಆ ಕನಸುಗಳು...”

“ಕಟ್ಟಿ ಹೇಳಿದ್ದು. ನಾಚಿಕೆ ಆಗಿ ನೀನೇ ಬಾಯಿ ಬಿಡ್ಲಿ ಅಂತ.” ಈಗ ಅವಳ ಬೆರಳುಗಳು ನಿಂತವು. “ಒಂದು ಸಲವೂ ಬಂದಿಲ್ಲ ಅವನು. ಐದು ತಿಂಗಳಾಯ್ತು. ದಿಂಬಿನ ಕೆಳಗೆ ಅವನ ಅಂಗಿ ಇಟ್ಕೊಂಡು ಮಲಗ್ತೀನಿ. ಬರಲ್ಲ.”

ಇಲಾರಿ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಸುಳ್ಳು ಹೊತ್ತು ಹೊತ್ತು ಅವನ ಬೆನ್ನು ಬಗ್ಗಿತ್ತು. ತಿರುವಿನಲ್ಲಿ ಕಾಣುವುದನ್ನು ಹೇಳಿಬಿಟ್ಟ.

ಪರಸ್ಕಿವಾ ಎದ್ದಳು. ಮಡಿಲಿನ ಕಾಯಿಗಳೆಲ್ಲ ಚೆಲ್ಲಿದವು. “ನಿಂಗೆ? ನಿಂಗ್ಯಾಕೋ ಕಾಣ್ತಾನೆ? ನಲವತ್ನಾಲ್ಕು ವರ್ಷ ಅವನ ಎಣ್ಣೆ ಬಟ್ಟೆ ಒಗೆದೋಳು ನಾನು! ಕಳ್ಳನಿಗೆ ಕಾಣ್ತಾನೆ, ನಂಗೆ ಕಾಣಲ್ಲ!” ಬೈದಳು, ಅತ್ತಳು, ಮತ್ತೆ ಬೈದಳು. ಇಲಾರಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಕೊನೆಗೆ ಅವಳು ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡು, ಸಣ್ಣ ದನಿಯಲ್ಲಿ ಕೇಳಿದಳು. “ತೆಳ್ಳಗಾಗಿದಾನಾ?”

“ಇಲ್ಲ ಅಕ್ಕ. ಹಾಗೇ ಇದಾನೆ.”

“ನಡಿ. ಕರ್ಕೊಂಡು ಹೋಗು.”

ತಿರುವಿಗೆ ಬಂದಾಗ ಬಿಸಿಲು ಬೆಟ್ಟದ ನೆತ್ತಿ ಬಿಟ್ಟಿರಲಿಲ್ಲ. ಇಲಾರಿ ಜೀಪು ನಿಲ್ಲಿಸಿದ. ಇಪ್ಪತ್ತು ಹೆಜ್ಜೆ ಮುಂದೆ ಗೆರಾಸಿಮ ನಡೆಯುತ್ತಿದ್ದ.

“ಇದಾನಾ?”

“ಇದಾನೆ.”

ಪರಸ್ಕಿವಾ ಕಣ್ಣು ಕಿರಿದು ಮಾಡಿ ನೋಡಿದಳು. ಅವಳಿಗೆ ಕಂಡದ್ದು ಖಾಲಿ ರಸ್ತೆ. “ಹಾರ್ನ್ ಹೊಡಿ. ಹತ್ತಿಸ್ಕೋ” ಎನ್ನುತ್ತ ಸೀಟಿನ ಅಂಚಿಗೆ ಸರಿದು ಜಾಗ ಮಾಡಿದಳು. ಇಲಾರಿ ಹಾರ್ನ್ ಹೊಡೆದ. ಗೆರಾಸಿಮ ಎಂಜಿನ್ನಿನ ಸದ್ದಿಗೆ ಒಮ್ಮೆ ತಲೆ ವಾಲಿಸಿ ಆಲಿಸಿದ, ಪರರ ಮನೆಯ ನಾಯಿ ಬೊಗಳಿದ್ದನ್ನು ಕೇಳಿದವನ ಹಾಗೆ. ಆಮೇಲೆ ಮುಂದೆ ನಡೆದ.

“ಹತ್ತಿದನಾ?”

ಪುಟ್ಟಿ ಮೆತ್ತಿದ್ದನ್ನು ಅಸಲಿಯೆಂದು ನೂರು ಜನಕ್ಕೆ ಮಾರಿದವನು ಇಲಾರಿ. ಹೂಂ ಅನ್ನುವುದು ಅವನಿಗೆ ಎಷ್ಟರ ಮಾತು. ಆದರೆ ಆ ಸುಳ್ಳಿಗೆ ನಾಲಿಗೆ ಏಳಲಿಲ್ಲ.

“ಇಲ್ಲ ಅಕ್ಕ. ಇದು ಅವನ ಎಂಜಿನ್ನಲ್ಲ. ಅವನು ಹತ್ತಲ್ಲ.”

ಅವಳು ಕೆಳಗಿಳಿದಳು. “ಯಾವ ಅಂಚು?”

“ಎಡಗಡೆ.”

ಅವಳು ಆ ಕಡೆ ನಡೆಯತೊಡಗಿದಳು. ಇಲಾರಿ ಮೊದಲ ಗೇರಿನಲ್ಲಿ ಹಿಂದೆ ಬಂದ. ಕಿಟಕಿಯಿಂದ ತಲೆ ಹೊರಹಾಕಿ, ಸ್ವಲ್ಪ ಬಲಕ್ಕೆ ಅಕ್ಕ, ಈಗ ನೇರ, ಇನ್ನು ಐದು ಹೆಜ್ಜೆ ಎಂದು ಹೇಳುತ್ತ ಹೋದ. ಅವಳ ಮಂಡಿ ನೋಯುತ್ತಿತ್ತು, ಏದುಸಿರು ಬಿಡುತ್ತಿದ್ದಳು. ಆದರೂ ನಿಲ್ಲಲಿಲ್ಲ.

“ಎಲ್ಲಿದಾನೆ ಈಗ?” ಎಂದು ತಿರುಗದೆಯೇ ಕೇಳಿದಳು.

ಇಲಾರಿಗೆ ಕಣ್ಣು ಮಂಜಾಗಿ ರಸ್ತೆ ಕಲಸಿದಂತಾಗಿತ್ತು. ಒರೆಸಿಕೊಂಡು ನೋಡಿದ.

“ನಿಮ್ಮ ಪಕ್ಕದಲ್ಲೇ, ಅಕ್ಕ. ನಿಧಾನ ಮಾಡಿದಾನೆ.”