ನಾಲ್ಕನೆಯ ತಿರುವಿನ ಹೆಸರು

ಮೈಸೂರಿನ ಕೃಷ್ಣಮೂರ್ತಿಪುರದ ಹಿಂದುಗಡೆ ಒಂದು ವಠಾರದಲ್ಲಿ ತಿಮ್ಮಮ್ಮ ಎಂಬಾಕೆ ಇದ್ದಳು. ಮನೆಮನೆಗೆ ಮೊಸರು ಮಾರುವುದು ಅವಳ ಕಸುಬು. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಇದ್ದದ್ದು ಮೈದುನ ಬೀರಯ್ಯನ ಸಂಸಾರದ ಜೊತೆ. ಅವಳ ಗಂಡನ ಹೆಸರನ್ನು ಇಲ್ಲಿ ಈಗಲೇ ಹೇಳುವುದಿಲ್ಲ. ಅವಳೇ ಬಾಯಲ್ಲಿ ಎತ್ತದ ಹೆಸರನ್ನು ನಡುವೆ ಬಂದ ನಾವು ಎತ್ತುವುದು ಮರ್ಯಾದೆಯಲ್ಲ. ಹೆಸರು ಹಿಡಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಎಂದು ತಾಯಿ ಕಲಿಸಿದ್ದಳು. ಆಯಸ್ಸು ಮುಗಿದು ಅವನು ಮಣ್ಣು ಸೇರಿದ ಮೇಲೂ ಅವಳ ನಾಲಿಗೆ ಆ ಕಟ್ಟು ಬಿಡಲಿಲ್ಲ. ಮಾತಿಗೆ ಬಂದರೆ ‘ಅವರು’ ಅನ್ನುವಳು, ಇಲ್ಲವೇ ‘ಬೀರಯ್ಯನ ಅಣ್ಣ’ ಅನ್ನುವಳು.

ಮೊದಲು ಅವರಿಗೆ ಮಂಡಕಳ್ಳಿ ಕಡೆ ಹೊಲವಿತ್ತು. ಗಂಡ ಜ್ವರದಲ್ಲಿ ತೀರಿಕೊಂಡಾಗ ಆ ಹೊಲದ ಮೂಲೆಯಲ್ಲೇ ಮಣ್ಣು ಮಾಡಿ ತಲೆಯ ಕಡೆ ಒಂದು ಕಲ್ಲು ನೆಟ್ಟಿದ್ದರು. ಆಮೇಲೆ, ಸ್ವಾತಂತ್ರ್ಯ ಬರುವುದಕ್ಕೆ ಕೆಲವು ವರ್ಷ ಮುಂಚೆ, ವಿಮಾನ ಇಳಿಯಲು ಬಯಲು ಬೇಕೆಂದು ಸುತ್ತಲಿನ ಹೊಲಗಳೆಲ್ಲ ಹೋದವು. ರೋಲರು ಬಂದು ಬದುಗಳನ್ನೆಲ್ಲ ಮಟ್ಟ ಮಾಡಿತು. ಆ ಕಲ್ಲನ್ನೂ ಯಾರೋ ಕಿತ್ತು ಒಡೆದು ಜಲ್ಲಿಗೆ ಸೇರಿಸಿದರು. ಅವಳು ಹೋಗಿ ನೋಡುವ ಹೊತ್ತಿಗೆ ಅಲ್ಲಿ ಹೊಸ ಟಾರು ಹೊಳೆಯುತ್ತಿತ್ತು. ಗಂಡನೆಂಬವನು ಒಬ್ಬ ಇದ್ದ ಅನ್ನುವುದಕ್ಕೆ ಭೂಮಿಯ ಮೇಲೆ ಗುರುತೇ ಇಲ್ಲದಂತಾಯಿತು. ಅವಳ ಎದೆಯೊಳಗಿನ ಮುಳ್ಳು ಇದೊಂದೇ. ಹೊಲ ಹೋದದ್ದಕ್ಕೆ ಅವಳು ಅಷ್ಟು ಅಳಲಿಲ್ಲ.

ವಿಮಾನಗಳೋ, ವಾರಕ್ಕೊಂದು ಬಂದರೆ ಹೆಚ್ಚು. ಖಾಲಿ ಬಿದ್ದ ಬಯಲಿನ ಮೇಲೆ ಪಟ್ಟಣದ ಮೋಟಾರು ಸಂಘದವರ ಕಣ್ಣು ಬಿತ್ತು. ಐವತ್ತೆರಡರಿಂದ ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಅಲ್ಲಿ ಮೋಟಾರು ಸೈಕಲ್ ಪಂದ್ಯ ಶುರುವಾಯಿತು. ತಿಮ್ಮಮ್ಮ ಆ ದಿನ ಮಜ್ಜಿಗೆಯ ಮಡಕೆ ಹೊತ್ತು ಹೋಗುವಳು. ಜನವೆಲ್ಲ ಶಾಮಿಯಾನದ ಹತ್ತಿರ ಸೇರಿದರೆ ಇವಳು ಅಲ್ಲಿಂದ ಅರ್ಧ ಮೈಲಿ ಆಚೆ, ದಾರಿ ಬಲಕ್ಕೆ ಹೊರಳುವ ನಾಲ್ಕನೆಯ ತಿರುವಿನಲ್ಲಿ ಮಡಕೆ ಇಳಿಸಿಕೊಂಡು ಕೂರುವಳು. ವ್ಯಾಪಾರ ಬಲ್ಲವರು ನಕ್ಕರು. ಅವಳು ವ್ಯಾಪಾರಕ್ಕೆ ಅಲ್ಲಿ ಕೂತಿರಲಿಲ್ಲ.

ಮೊದಲ ವರ್ಷ ತಿರುವುಗಳಿಗೆ ಬರೀ ನಂಬರು ಇತ್ತು. ಆ ತುದಿಯಿಂದ ಎಣಿಸಿದವನಿಗೆ ಎರಡು ಬಂದದ್ದು ಈ ತುದಿಯಿಂದ ಎಣಿಸಿದವನಿಗೆ ಐದು. ಒಬ್ಬ ಸವಾರ ಬಿದ್ದು ಕಾಲು ಮುರಿದುಕೊಂಡು ಒಂದು ಕಡೆ ಕೂಗುತ್ತಿದ್ದರೆ, ಅವನನ್ನು ಎತ್ತಿ ತರಬೇಕಾದ ವ್ಯಾನು ಇನ್ನೊಂದು ಕಡೆ ಹುಡುಕುತ್ತಿತ್ತು. ಸಂಘದ ಕಾರ್ಯದರ್ಶಿ ಷಡಕ್ಷರಿ, ಮೋಟಾರು ಬಿಡಿಭಾಗಗಳ ಅಂಗಡಿಯವರು, ಆಗ ಒಂದು ನಿರ್ಧಾರ ಮಾಡಿದರು. ಹೊರದೇಶಗಳಲ್ಲಿ ಪಂದ್ಯದ ತಿರುವುಗಳಿಗೆ ಅಕ್ಕಪಕ್ಕದ ಊರಿನ, ಜಮೀನಿನ, ರೈತರ ಹೆಸರಿಡುತ್ತಾರೆಂದು ಅವರು ಓದಿದ್ದರು. ಇಲ್ಲೂ ಹಳೆಯ ಹೊಲಗಳ ಹೆಸರೇ ಇರಲಿ ಎಂದು ಪುಸ್ತಕ ಹಿಡಿದು ಬಂದರು. ಟಾರಿನ ಕೆಳಗೆ ಯಾರ ಹೊಲ ಎಲ್ಲಿತ್ತು ಎಂದು ಹೇಳಬಲ್ಲವಳು ತಿಮ್ಮಮ್ಮನೇ.

ಅವಳು ಮುಂದೆ, ಅವರು ಹಿಂದೆ ನಡೆದರು. ಹುಣಸೆಮರದ ಹೊಲ, ಕರಿಬಸವಯ್ಯನ ಕಟ್ಟೆ, ನಿಂಗಯ್ಯನ ಎರೆಹೊಲ ಎಂದು ಅವಳು ಕೈ ತೋರಿಸುತ್ತ ಹೋದಳು. ನಾಲ್ಕನೆಯ ತಿರುವಿಗೆ ಬಂದು ನಿಂತಳು.

“ಇದು ಯಾರದಮ್ಮ?”

“ನಮ್ದೇಯ ಬುದ್ದಿ.”

“ನಿಮ್ಮದು ಅಂದರೆ? ಯಜಮಾನರ ಹೆಸರು ಹೇಳಿ.”

ಅವಳು ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು. “ಬೀರಯ್ಯನ ಅಣ್ಣಂದು ಬುದ್ದಿ.”

ಷಡಕ್ಷರಿಯವರಿಗೆ ಅರ್ಥವಾಯಿತು. ಅವರ ಮನೆಯಲ್ಲೂ ಅಜ್ಜಿ ಹಾಗೇ ಇದ್ದವರು. “ಆಗಲಿ ಬಿಡಿ, ಬೀರಯ್ಯನನ್ನೇ ಕೇಳಿಕೊಳ್ಳುತ್ತೇನೆ” ಎಂದು, ಜ್ಞಾಪಕಕ್ಕೆ ಇರಲೆಂದು ಪುಸ್ತಕದಲ್ಲಿ ‘ಬೀರಯ್ಯ’ ಎಂದು ಗೀಚಿದರು. ಕೇಳುವುದು ಮರೆತುಹೋಯಿತು. ಬೋರ್ಡು ಬರೆಯುವವನು ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದ.

ತಿಮ್ಮಮ್ಮನಿಗೆ ಓದು ಬರದು. ಆ ವರ್ಷ ಪಂದ್ಯದ ದಿನ ಮಡಕೆಯ ಮುಂದೆ ಕೂತು, ಮೈಕು ತನ್ನ ಗಂಡನ ಹೆಸರು ಕೂಗುವುದನ್ನು ಕಾಯುತ್ತಿದ್ದಳು. ತಾನು ಹೇಳಬಾರದ ಹೆಸರನ್ನು ಊರೆಲ್ಲ ಕೇಳುವಂತೆ ಬೇರೆಯವರು ಹೇಳಲಿ ಅನ್ನುವುದೇ ಅವಳ ಆಸೆ. ಮೈಕು ಕೂಗಿತು. “ಬೀರಯ್ಯನ ತಿರುವಿನಲ್ಲಿ ಈಗ ಮೂರು ಗಾಡಿಗಳು...”

ಮನೆಯಲ್ಲಿ ಮೈದುನನನ್ನು ಕೇಳಿದಳು. “ಅದು ನಿನ್ನ ಹೆಸ್ರಲ್ವಾ ಬೀರಣ್ಣ?”

“ಬರ್ಕೊಂಬುಟ್ಟವ್ರೆ ಕಣತ್ಗೆ. ಮುಂದಿನ್ ವರ್ಸ ಹೇಳಾನ ಬುಡು.”

ಬೀರಯ್ಯ ಕೆಟ್ಟವನಲ್ಲ. ಸಾರ್ವಜನಿಕ ಉದ್ಯಾನದಲ್ಲಿ ಮಾಲಿ, ಅತ್ತಿಗೆಗೆ ಎರಡು ಹೊತ್ತು ಅನ್ನ ತಪ್ಪಿಸಿದವನಲ್ಲ. ಆದರೆ ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಪಂದ್ಯದ ದಿನ ಅವನು ಮಡಿ ಪಂಚೆ ಉಟ್ಟು, ರುಮಾಲು ಸುತ್ತಿ, ತನ್ನ ಹೆಸರಿನ ಬೋರ್ಡಿನ ಪಕ್ಕ ನಿಂತು ಬಂದವರಿಗೆಲ್ಲ ನಮಸ್ಕಾರ ಮಾಡುತ್ತಿದ್ದ. ಆ ಮುಂದಿನ ವರ್ಷ ಬರಲೇ ಇಲ್ಲ. ಅವಳೂ ಎರಡನೆಯ ಸಲ ಕೇಳಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದಲ್ಲ. ತಾನೇ ಷಡಕ್ಷರಿಯವರ ಅಂಗಡಿಗೆ ಹೋಗಿ ಹೇಳಬಹುದಿತ್ತು, ಆದರೆ ಅಲ್ಲಿ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಹೀಗೆ ಒಂಬತ್ತು ಪಂದ್ಯ ಕಳೆದವು. ಒಂಬತ್ತು ಸಲವೂ ಅವಳು ಗಂಡ ಮಲಗಿದ ನೆಲದ ಮೇಲೆ ಕೂತು ಮೈದುನನ ಹೆಸರು ಕೇಳಿಸಿಕೊಂಡಳು.

ಅರವತ್ತೆರಡರ ಪಂದ್ಯದಲ್ಲಿ ಹಿನಕಲ್ಲಿನ ಮಹದೇವು ಎಂಬ ಇಪ್ಪತ್ತೆರಡರ ಹುಡುಗ ಆ ತಿರುವಿನಲ್ಲಿ ಜಾರಿ ಬಿದ್ದ. ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದವನು, ಯಜಮಾನನ ಗಾಡಿ ಕೇಳಿ ತಂದಿದ್ದ. ಎಲ್ಲರಿಗಿಂತ ಹತ್ತಿರ ಇದ್ದವಳು ತಿಮ್ಮಮ್ಮ. ಓಡಿಹೋಗಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಸೆರಗು ಒದ್ದೆ ಮಾಡಿ ತುಟಿಗೆ ಹಿಂಡಿದಳು. ಈ ಸಲ ವ್ಯಾನು ದಾರಿ ತಪ್ಪದೆ ನೇರವಾಗಿ ಬಂತು. ಬರುವಷ್ಟರಲ್ಲಿ ಹುಡುಗ ಹೋಗಿದ್ದ.

ಮರುದಿನ ಪತ್ರಿಕೆಯಲ್ಲಿ ‘ಬೀರಯ್ಯನ ತಿರುವಿಗೆ ಸವಾರ ಬಲಿ’ ಎಂದು ಬಂತು. ಉದ್ಯಾನದಲ್ಲಿ ಜೊತೆಯ ಮಾಲಿಗಳು ಅದನ್ನು ಗಟ್ಟಿಯಾಗಿ ಓದಿದರು. ಬೀರಯ್ಯ ಅವತ್ತು ಊಟ ಮಾಡಲಿಲ್ಲ. ಸಾಯಂಕಾಲ ಷಡಕ್ಷರಿಯವರ ಅಂಗಡಿಗೆ ಹೋಗಿ ಕೈಮುಗಿದು ನಿಂತ.

“ನನ್ನ ಹೆಸ್ರು ಅಳಿಸ್ಬುಡಿ ಬುದ್ದಿ. ನಾನು ಯಾರನ್ನೂ ಬಲಿ ತಕ್ಕಂಡಿಲ್ಲ.”

ಹುಡುಗನ ಕರ್ಮಾಂತರ ಮುಗಿದ ಮೇಲೆ ಅವನ ತಾಯಿ ಸುಂದರಮ್ಮ ಮಗ ಬಿದ್ದ ಜಾಗ ನೋಡಬೇಕೆಂದಳು. ಷಡಕ್ಷರಿ ತಮ್ಮ ಕಾರಿನಲ್ಲೇ ಕರೆತಂದರು. ಕೊನೆಯ ಉಸಿರಿನಲ್ಲಿ ಅವನ ಜೊತೆ ಇದ್ದವಳು ತಿಮ್ಮಮ್ಮನೆಂದು ಅವಳನ್ನೂ ಬೀರಯ್ಯನನ್ನೂ ಬರಹೇಳಿದ್ದರು. ಬೋರ್ಡು ಬರೆಯುವವನು ಬಣ್ಣದ ಡಬ್ಬಿ ಹಿಡಿದು ಕಾದಿದ್ದ. ತಿಮ್ಮಮ್ಮ ಸುಂದರಮ್ಮನ ಕೈಹಿಡಿದು ಜಾಗ ತೋರಿಸಿದಳು. ಸುಂದರಮ್ಮ ಕೂತು ಟಾರಿನ ಮೇಲೆ ಅಂಗೈ ಆಡಿಸಿದಳು.

“ಅಮ್ಮ, ಈ ತಿರುವಿಗೆ ಇನ್ನು ಮೇಲೆ ನಿಮ್ಮ ಮಗನ ಹೆಸರು ಇಡೋಣ ಅಂತ ಸಂಘದಲ್ಲಿ ತೀರ್ಮಾನ ಮಾಡಿದೀವಿ” ಎಂದರು ಷಡಕ್ಷರಿ.

ತಿಮ್ಮಮ್ಮ ಬೋರ್ಡಿನ ಕಡೆ ನೋಡಿದಳು. ತಪ್ಪಾಗಿ ಬರೆದ ಹೆಸರನ್ನು ಎಂದಾದರೂ ತಿದ್ದಿಸಬಹುದಿತ್ತು. ಸತ್ತ ಹುಡುಗನ ಹೆಸರನ್ನು ಯಾರು ಅಳಿಸಿಯಾರು, ಅಳಿಸು ಎಂದು ಯಾವ ಬಾಯಲ್ಲಿ ಕೇಳುವುದು? ಹೆತ್ತ ಹೊಟ್ಟೆಯ ಎದುರು ತನಗೆ ಈ ಯೋಚನೆ ಬಂತಲ್ಲ ಎಂದು ನಾಚಿಕೆಯೂ ಆಯಿತು.

ಸುಂದರಮ್ಮನೇ ಬೇಡವೆಂದಳು. “ಗಾಡಿ ಬಂದಾಗೆಲ್ಲ ಮೈಕಲ್ಲಿ ನನ್ನ ಮಗನ ಹೆಸ್ರು ಕೂಗ್ತೀರಿ ಸ್ವಾಮಿ. ಮಹದೇವು ತಾವ ಒಬ್ಬ ಜಾರ್ದ, ಇನ್ನೊಬ್ಬ ಬಿದ್ದ ಅಂತೀರಿ. ನನ್ನ ಕೂಸು ಒಂದ್ಸಲ ಬಿದ್ದಿದ್ದು ಸಾಕು.”

ಬೀರಯ್ಯ ರುಮಾಲು ತೆಗೆದು ಕಂಕುಳಿಗೆ ಸೇರಿಸಿದ. “ಬುದ್ದಿ, ಇದು ನಮ್ಮಣ್ಣನ ಹೊಲ. ಅವನನ್ನ ಮಣ್ಣು ಮಾಡಿರೋದೂ ಇಲ್ಲೇಯ. ನಂಗೊತ್ತಿದ್ದೂ ಸುಮ್ಕಿದ್ದೆ, ತಪ್ಪಾಯ್ತು.”

“ನಿಮ್ಮಣ್ಣನ ಹೆಸರೇನಪ್ಪ?”

ಬೀರಯ್ಯ ಬಾಯಿ ತೆರೆದವನು ಅತ್ತಿಗೆಯ ಮುಖ ನೋಡಿ ಮುಚ್ಚಿಕೊಂಡ. ಸುಂದರಮ್ಮ ಕೂತಲ್ಲಿಂದಲೇ ತಲೆ ಎತ್ತಿದಳು.

“ನಿಮ್ಮೋರು ಇಲ್ಲೇ ಅವ್ರಾ ಅಕ್ಕ? ಏನಂತ ಅವ್ರ ಹೆಸ್ರು?”

ತಿಮ್ಮಮ್ಮ ಅವಳ ಪಕ್ಕ ಕೂತಳು. ಸಂಘದವರು ಕೇಳಿದ್ದರೆ ಅವಳು ಇನ್ನೂ ಒಂಬತ್ತು ವರ್ಷ ಹೇಳುತ್ತಿರಲಿಲ್ಲವೇನೋ. ಕೇಳಿದವಳು ಇವಳು.

“ಚೆಲುವಯ್ಯ” ಎಂದಳು. ಇನ್ನೊಂದು ಸಲ ಹೇಳಿದಳು. “ಚೆಲುವಯ್ಯ ಅಂತ ಕಣವ್ವ. ಮಕ್ಕಳು ಅಂದ್ರೆ ಪ್ರಾಣ ಬುಡೋರು, ನಮ್ಗೇ ಆಗ್ನಿಲ್ಲ. ನಿನ್ನ ಮಗ ಬಿದ್ದಿದ್ದು ಅವ್ರ ಹೊಲದಲ್ಲಿ. ಒಬ್ನೇ ಇಲ್ಲ ಕಣವ್ವ ಅವ್ನು.”

ಇಬ್ಬರೂ ಅಲ್ಲೇ ಅತ್ತರು. ಬೀರಯ್ಯ ಆಚೆ ತಿರುಗಿ ನಿಂತ. ಬೋರ್ಡು ಬರೆಯುವವನು ಕುಂಚ ಅದ್ದಿ ‘ಚೆಲುವಯ್ಯನ ತಿರುವು’ ಎಂದು ದಪ್ಪ ಅಕ್ಷರದಲ್ಲಿ ಬರೆದ.

ಆದರೆ ಸಾವಾದ ಮೇಲೆ ಪಂದ್ಯಕ್ಕೆ ಅಪ್ಪಣೆ ಸಿಗಲಿಲ್ಲ, ಮರುವರ್ಷವೂ ಇಲ್ಲ. ಸಂಘ ಒಡೆಯಿತು. ಮೈಕಿನಲ್ಲಿ ಆ ಹೆಸರನ್ನು ಒಬ್ಬರೂ ಒಂದು ಸಲವೂ ಕೂಗಲಿಲ್ಲ. ಎರಡು ಮಳೆಗಾಲಕ್ಕೆ ಬಣ್ಣ ಹೋಯಿತು, ಮೂರನೆಯದಕ್ಕೆ ಬೋರ್ಡನ್ನೇ ಯಾರೋ ಒಲೆಗೆ ಕಿತ್ತುಕೊಂಡು ಹೋದರು. ತಿಮ್ಮಮ್ಮ ಮಾತ್ರ ಪ್ರತಿ ಭಾನುವಾರ ಮೊಸರು ಮಾರಿ ಮುಗಿಸಿ ಅಷ್ಟು ದೂರ ನಡೆದು ಹೋಗಿ ಬರುವಳು. ಸೋಮವಾರ ಕೃಷ್ಣಮೂರ್ತಿಪುರದ ಮನೆಗಳಲ್ಲಿ ಹೆಂಗಸರು ಕೇಳುವರು, “ನಿನ್ನೆ ಬಿಸಿಲಲ್ಲಿ ಎಲ್ಲಿಗೆ ಹೋಗಿದ್ರಿ ತಿಮ್ಮಮ್ಮ?”

ಅವಳು ತಲೆಯ ಮೇಲಿನ ಮಡಕೆ ಇಳಿಸದೆ, ಬೀದಿಗೆಲ್ಲ ಕೇಳುವ ಹಾಗೆ ಹೇಳುವಳು, “ಚೆಲುವಯ್ಯನ ತಿರುವಿಗೆ ಹೋಗಿದ್ದೆ ಕಣ್ರವ್ವ.”